ಆಂಜಾಕ್ ಡೇ: ಅಂಗಡಿ, ಸಂಬಳ, ಮೆಡಲ್ – ವಕೀಲರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಏಪ್ರಿಲ್ 25ರ ಆಂಜಾಕ್ ಡೇ ಹತ್ತಿರ ಬಂತು. ಹೊಸದಾಗಿ ಬಂದವರಿಗೆ ಒಂದು ಮಾತು: 1915ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪಡೆಗಳು (ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿದರೆ ‘ಆಂಜಾಕ್’) ಟರ್ಕಿಯ ಗಲಿಪೊಲಿಯಲ್ಲಿ ಇಳಿದ ದಿನ ಅದು. ಆಗಲೂ ಆಮೇಲಿನ ಯುದ್ಧಗಳಲ್ಲೂ ಸತ್ತವರನ್ನು ನೆನೆಯುವ ದಿನ. ಈ ಸಲ ಶನಿವಾರ ಬಂದಿದೆ. ಆಸ್ಟ್ರೇಲಿಯಾ ಕನ್ನಡಿಗರ ಈ ಗ್ರೂಪಿನಲ್ಲಿ ವಾರದಿಂದ ಗೊಂದಲವೋ ಗೊಂದಲ. ನಮ್ಮ ವಕೀಲ ಮೇಡಂ ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಯಾವ ರಾಜ್ಯ ಅಂತ ಬರೆಯಿರಿ.

ವಕೀಲ ಮೇಡಂ: ನಮಸ್ಕಾರ. ನಾನು ಹೇಳುವುದು ಸಾಮಾನ್ಯ ಮಾಹಿತಿ ಅಷ್ಟೆ. ನಾನು ಮೆಲ್ಬರ್ನಿನಲ್ಲಿ ಇರುವವಳು, ವಿಕ್ಟೋರಿಯಾ ಕಾನೂನು ಚೆನ್ನಾಗಿ ಗೊತ್ತು. ಕೇಳಿ.

ಟಾರ್ನೀಟ್ ಅಂಗಡಿ: ಮೇಡಂ, ನಮ್ಮದು ದಿನಸಿ ಅಂಗಡಿ, ವಿಕ್ಟೋರಿಯಾ. ಮಧ್ಯಾಹ್ನ ಒಂದು ಗಂಟೆವರೆಗೆ ಮುಚ್ಚಲೇಬೇಕಾ? ಪಕ್ಕದ ಸೂಪರ್ ಮಾರ್ಕೆಟ್ ಮುಚ್ಚುತ್ತದಂತೆ.

ವಕೀಲ ಮೇಡಂ: ಇಲ್ಲಿ ಅಂಗಡಿ ತೆರೆಯುವ ಹೊತ್ತಿಗೆ ಒಂದು ಕಾನೂನಿದೆ, 1996ರದ್ದು. ಅದರ ಪ್ರಕಾರ ಆಂಜಾಕ್ ಡೇ ದಿನ ಒಂದು ಗಂಟೆವರೆಗೆ ಅಂಗಡಿ ಮುಚ್ಚಿರಬೇಕು. ಆದರೆ ಚಿಕ್ಕ ಅಂಗಡಿಗೆ ವಿನಾಯಿತಿ ಇದೆ. ಹಿಂದಿನ ಏಳು ದಿನದಲ್ಲಿ ಯಾವಾಗಲೂ 20ಕ್ಕಿಂತ ಜಾಸ್ತಿ ಕೆಲಸಗಾರರು ಅಂಗಡಿಯಲ್ಲಿ ಇರಬಾರದು, ಇಡೀ ವ್ಯಾಪಾರದಲ್ಲಿ 100 ಮೀರಬಾರದು. ಔಷಧಿ ಅಂಗಡಿ, ಪೆಟ್ರೋಲ್ ಬಂಕ್, ಹೋಟೆಲು, ಕೆಫೆ ಇವಕ್ಕೂ ತೊಂದರೆ ಇಲ್ಲ. ನೀವು ತೆರೆಯಬಹುದು. ಆದರೆ ತೆರೆಯಬಹುದು ಅಂದ ಮಾತ್ರಕ್ಕೆ ಮಾಮೂಲಿ ಸಂಬಳ ಕೊಡಬಹುದು ಅಂತ ಅಲ್ಲ. ಅಂಗಡಿ ಬಾಗಿಲು ರಾಜ್ಯದ ಕಾನೂನು, ಸಂಬಳ ಕೇಂದ್ರದ ಕಾನೂನು. ಇವೆರಡನ್ನು ಕಲಸಬೇಡಿ.

ಟಾರ್ನೀಟ್ ಅಂಗಡಿ: ಧನ್ಯವಾದ ಮೇಡಂ 🙏

ಹ್ಯಾರಿಸ್ ಪಾರ್ಕ್: ನ್ಯೂ ಸೌತ್ ವೇಲ್ಸ್‌ನಲ್ಲೂ ಒಂದು ಗಂಟೆಯ ಮೇಲೆ ತೆರೆಯಬಹುದಲ್ವಾ? ಮುಂಚೆ ಹಾಗೇ ಮಾಡುತ್ತಿದ್ದೆವು.

ವಕೀಲ ಮೇಡಂ: ಅದು ಹಳೆಯ ಕಥೆ. 2024ರಲ್ಲಿ ಅಲ್ಲಿ ಕಾನೂನು ಬದಲಾಯಿತು, 2025ರ ಆಂಜಾಕ್ ಡೇಯಿಂದ ದಿನಪೂರ್ತಿ ಮುಚ್ಚಬೇಕು. ಅಲ್ಲಿ ಚಿಕ್ಕ ಅಂಗಡಿ ಅಂದರೆ ನಿಜವಾಗಿಯೂ ಚಿಕ್ಕದು: ಮಾಲೀಕರು ಇಬ್ಬರ ಒಳಗೆ, ಕೆಲಸಗಾರರು ನಾಲ್ವರ ಒಳಗೆ. ನಮ್ಮ 20ರ ಲೆಕ್ಕ ಅಲ್ಲಿ ನಡೆಯಲ್ಲ.

ಪಾಯಿಂಟ್ ಕುಕ್: ಶನಿವಾರ ಬಂದಿದೆಯಲ್ಲ, ಸೋಮವಾರ ರಜೆ ಇದೆಯಾ?

ವಕೀಲ ಮೇಡಂ: ವಿಕ್ಟೋರಿಯಾದಲ್ಲಿ ಇಲ್ಲ.

ಪರ್ತ್ ಕನ್ನಡಿಗ: ನಮಗೆ?

ವಕೀಲ ಮೇಡಂ: ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇದೆ. ಉಳಿದವರು ನಿಮ್ಮ ನಿಮ್ಮ ರಾಜ್ಯ ಸರ್ಕಾರದ ರಜೆ ಪಟ್ಟಿ ನೋಡಿ, ಒಬ್ಬೊಬ್ಬರದೂ ನಾನು ಹೇಳುತ್ತಾ ಕೂರಲ್ಲ.

ಕ್ರಿಕೆಟ್ ಕಮಿಟಿ: ಮೇಡಂ, 25ರಂದು ಕನ್ನಡಿಗರ ಟೆನಿಸ್ ಬಾಲ್ ಟೂರ್ನಮೆಂಟ್ ಇಟ್ಟಿದ್ದೇವೆ, ಬೆಳಿಗ್ಗೆ ಎಂಟಕ್ಕೆ ಶುರು. ಹೆಸರು ‘ಆಂಜಾಕ್ ಕಪ್’. ಮೂವರು ಪ್ರಾಯೋಜಕರು ಸಿಕ್ಕಿದ್ದಾರೆ, ಬ್ಯಾನರ್ ಪ್ರಿಂಟಿಗೆ ಹೋಗಿದೆ. ಗೌರವಕ್ಕೇ ಇಟ್ಟ ಹೆಸರು.

ವಕೀಲ ಮೇಡಂ: ಬ್ಯಾನರ್ ನಿಲ್ಲಿಸಿ. ಈಗಲೇ ಫೋನ್ ಮಾಡಿ. ‘ಆಂಜಾಕ್’ ಅನ್ನುವ ಹೆಸರಿಗೆ 1921ರಿಂದ ಕಾನೂನಿನ ರಕ್ಷಣೆ ಇದೆ. ವ್ಯಾಪಾರಕ್ಕೆ, ಪ್ರಚಾರಕ್ಕೆ ಬಳಸಬೇಕಾದರೆ ಮಾಜಿ ಸೈನಿಕರ ವ್ಯವಹಾರ ಸಚಿವರ ಒಪ್ಪಿಗೆ ಬೇಕು. ಗಂಭೀರ ತಪ್ಪಾದರೆ 12 ತಿಂಗಳವರೆಗೆ ಜೈಲು ಅಂತ ಇದೆ. ನಿಮ್ಮನ್ನು ಜೈಲಿಗೆ ಹಾಕುತ್ತಾರೆ ಅಂತ ಅಲ್ಲ, ಆದರೆ ಮೂರು ಅಂಗಡಿಗಳ ಲೋಗೋ ಪಕ್ಕ ಆ ಹೆಸರು ಇದ್ದರೆ ಗೌರವಕ್ಕೆ ಅಂತ ವಾದ ಮಾಡಲು ಆಗಲ್ಲ. ಬೇರೆ ಹೆಸರು ಇಡಿ. ಎಂಟು ಗಂಟೆಗೆ ಆಟವೂ ಬೇಡ. ಆ ದಿನ ಮಧ್ಯಾಹ್ನ ಒಂದರ ಮೊದಲು ಆಟೋಟ, ಮನರಂಜನೆ ಕಾರ್ಯಕ್ರಮಗಳಿಗೆ ಇಲ್ಲಿ ನಿರ್ಬಂಧ ಇದೆ. ಊಟ ಮುಗಿಸಿ ಶುರು ಮಾಡಿ.

ಕ್ರಿಕೆಟ್ ಕಮಿಟಿ: ಎಂಟು ತಂಡ ಇದೆ ಮೇಡಂ, ಮಧ್ಯಾಹ್ನ ಶುರು ಮಾಡಿದರೆ ಕತ್ತಲಾಗುತ್ತೆ.

ವಕೀಲ ಮೇಡಂ: ಭಾನುವಾರ ಆಡಿ.

ಸಿಹಿ ಮನೆ: ನಾವು ಆಂಜಾಕ್ ಬರ್ಫಿ ಮಾಡೋಣ ಅಂತ ಇದ್ದೆವು. ಓಟ್ಸ್, ತೆಂಗಿನತುರಿ, ಏಲಕ್ಕಿ. ಬಿಸ್ಕೆಟ್ ಎಲ್ಲರೂ ಮಾರುತ್ತಾರಲ್ವಾ.

ವಕೀಲ ಮೇಡಂ: ಬಿಸ್ಕೆಟ್‌ಗೆ ಒಪ್ಪಿಗೆ ಇದೆ, ಹಳೆಯ ಪದ್ಧತಿಯ ರುಚಿ ಆಕಾರ ಬಿಡದಿದ್ದರೆ ಮಾತ್ರ. ಓಟ್ಸ್, ತೆಂಗು, ಗೋಲ್ಡನ್ ಸಿರಪ್. ‘ಕುಕೀ’ ಅಂತ ಬರೆದರೂ ಅವರು ಒಪ್ಪಲ್ಲ. ಬರ್ಫಿ ಮಾಡಿ, ಆ ಹೆಸರು ಇಡಬೇಡಿ.

ಸಿಹಿ ಮನೆ: ತಿನ್ನೋಕೂ ಲೈಸೆನ್ಸ್ ಬೇಕಾಯ್ತು 😄

ಮಲ್ಲೇಶ್ವರ ಟು ಮೆಲ್ಬರ್ನ್: ನಗಬೇಡಿ, 2015ರಲ್ಲಿ ಗಲಿಪೊಲಿಯ ನೂರನೇ ವರ್ಷಕ್ಕೆ ಇಲ್ಲಿನ ದೊಡ್ಡ ಸೂಪರ್ ಮಾರ್ಕೆಟ್ ಒಂದು ಜಾಹೀರಾತು ಮಾಡಲು ಹೋಗಿ ಸಚಿವರೇ ತೆಗೆಸಿದ್ದರು.

ವೆರಿಬೀ ಅಂಕಲ್: ಫಾರ್ವರ್ಡ್ ಬಂದಿದೆ, ಎಲ್ಲರೂ ಓದಿ. ‘ಏಪ್ರಿಲ್ 25ರಂದು ಎರಡು ನಿಮಿಷ ಮೌನ ನಿಲ್ಲದವರಿಗೆ 1,500 ಡಾಲರ್ ದಂಡ. ಪಿಆರ್ (ಕಾಯಂ ವಾಸ) ಅರ್ಜಿ ಹಾಕಿದವರ ಹೆಸರು ಬರೆದುಕೊಳ್ಳುತ್ತಾರೆ. ಮನೆ ಮುಂದೆ ಬಾವುಟ ಹಾಕಿ ಫೋಟೋ ಇಟ್ಟುಕೊಂಡಿದ್ದರೆ ಪಾರು.’

ವಕೀಲ ಮೇಡಂ: ಸುಳ್ಳು. ಅಂಥ ಕಾನೂನು ಇಲ್ಲ. ಕೇಂದ್ರದಲ್ಲಿ 1995ರ ಆಂಜಾಕ್ ಡೇ ಕಾಯ್ದೆ ಇದೆ, ಅದು ಏಪ್ರಿಲ್ 25 ರಾಷ್ಟ್ರೀಯ ಸ್ಮರಣೆಯ ದಿನ ಅಂತ ಹೇಳುತ್ತದೆ, ನಿಮ್ಮನ್ನು ನಿಲ್ಲಿಸುವುದಿಲ್ಲ, ಕೂರಿಸುವುದೂ ಇಲ್ಲ. ದಯವಿಟ್ಟು ಅಳಿಸಿ.

ವೆರಿಬೀ ಅಂಕಲ್: ನಮ್ಮ ಭಾವಮೈದ ಕಳಿಸಿದ್ದು. ಅವನು ಇಲ್ಲಿ 20 ವರ್ಷದಿಂದ ಇದ್ದಾನೆ.

ಮಡಿಕೇರಿ ಮಗ: ಮೇಡಂ, ನಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಇದ್ದರು. ಅವರ ಮೆಡಲ್ ನನ್ನ ಹತ್ತಿರ ಇವೆ. ಮೆರವಣಿಗೆಗೆ ಹಾಕಿಕೊಂಡು ಹೋಗಬಹುದಾ? ಕಳ್ಳ ಸೈನಿಕ ಅಂತ ಹಿಡಿಯುತ್ತಾರಾ?

ವಕೀಲ ಮೇಡಂ: ಹಾಕಿಕೊಳ್ಳಿ, ಖಂಡಿತ. 1903ರ ರಕ್ಷಣಾ ಕಾಯ್ದೆಯಲ್ಲಿ ತನಗೆ ಸಿಗದ ಪದಕ ಧರಿಸುವುದು ಅಪರಾಧ, ಆರು ತಿಂಗಳವರೆಗೆ ಜೈಲಾಗಬಹುದು. ಆದರೆ ಕುಟುಂಬದವರಿಗೆ ವಿನಾಯಿತಿ ಇದೆ, ಇದು ನನ್ನದೇ ಅಂತ ಹೇಳಿಕೊಳ್ಳಬಾರದು ಅಷ್ಟೆ. ಬಲಗಡೆ ಎದೆಯ ಮೇಲೆ ಹಾಕಿಕೊಳ್ಳಿ. ಎಡಗಡೆ ಪಡೆದವರಿಗೇ ಮೀಸಲು, ಬಲಗಡೆ ಇದ್ದರೆ ನೋಡಿದವರಿಗೆ ಮನೆಯ ಹಿರಿಯರದು ಅಂತ ಗೊತ್ತಾಗುತ್ತೆ. ಮೆರವಣಿಗೆಯಲ್ಲಿ ನಡೆಯಬೇಕಾದರೆ ಮೊದಲೇ ಮಾಜಿ ಸೈನಿಕರ ಸಂಘವಾದ ಆರ್‌ಎಸ್‌ಎಲ್‌ನವರಿಗೆ ಫೋನ್ ಮಾಡಿ ಯಾವ ಗುಂಪಿನ ಜೊತೆ ಅಂತ ಕೇಳಿ. ಅಜ್ಜನ ರೆಜಿಮೆಂಟ್ ಯಾವುದು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅಲ್ಲಿನ ಹಿರಿಯರು ಪ್ರೀತಿಯಿಂದ ಕೇಳುತ್ತಾರೆ.

ಮಡಿಕೇರಿ ಮಗ: ಒಂದು ಕಳೆದುಹೋಗಿತ್ತು. ಆನ್‌ಲೈನಲ್ಲಿ ಬೇರೆ ಯಾವುದೋ ಯುದ್ಧದ್ದು ಸಿಕ್ಕಿತು, ಸಾಲು ತುಂಬಲಿ ಅಂತ ಸೇರಿಸಿದ್ದೇನೆ.

ವಕೀಲ ಮೇಡಂ: ಅದನ್ನು ತೆಗೆಯಿರಿ!

ಸಮತಾ: ನನಗೆ ಅರ್ಥ ಆಗದ್ದು ಒಂದೇ. ಬ್ರಿಟಿಷರ ಯುದ್ಧಕ್ಕೆ ನಾವು ಯಾಕೆ ತಲೆ ಬಗ್ಗಿಸಬೇಕು?

ಮಲ್ಲೇಶ್ವರ ಟು ಮೆಲ್ಬರ್ನ್: ಗಲಿಪೊಲಿಯಲ್ಲಿ ನಮ್ಮವರೂ ಇದ್ದರು ಮೇಡಂ, ಸುಮಾರು 15 ಸಾವಿರ ಭಾರತೀಯರು. ಭಾರತದ ಬೆಟ್ಟದ ಫಿರಂಗಿ ದಳ ಏಪ್ರಿಲ್ 25ರಂದೇ ಆಂಜಾಕ್ ಕೊಲ್ಲಿಯಲ್ಲಿ ಇಳಿದಿತ್ತು. ಹೇಸರಗತ್ತೆ ಮೇಲೆ ನೀರು, ಮದ್ದುಗುಂಡು ಹೊತ್ತು ಸಾಗಿಸಿದವರು ಯಾರು? ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾ ಗೆದ್ದಾಗ ಇಡೀ ಅಶ್ವದಳದ ಕೋರ್‌ಗೆ ದಂಡನಾಯಕ ಹ್ಯಾರಿ ಶೋವೆಲ್ ಅನ್ನೋ ಆಸ್ಟ್ರೇಲಿಯಾದವನು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇದೆ, ಬಸ್ಸಲ್ಲಿ ಹೋಗುವಾಗ ಯಾರಾದರೂ ನೋಡಿದ್ದೀರಾ?

ಸಮತಾ: ಅದನ್ನೇ ಹೇಳಿದ್ದು. ಜೋಧಪುರ, ಹೈದರಾಬಾದು, ಮೈಸೂರು, ಎಲ್ಲ ಮಹಾರಾಜರು ಕಳಿಸಿದ ಹುಡುಗರು. ಅವರನ್ನು ಯಾರು ಕೇಳಿದರು?

ವೆರಿಬೀ ಅಂಕಲ್: ಇಲ್ಲಿನ ಅನ್ನ ತಿಂದು ಹೀಗೆ ಮಾತಾಡಬಾರದಮ್ಮ.

ಸಮತಾ: ಅನ್ನ ನಾನು ದುಡಿದು ತಿನ್ನುತ್ತಿದ್ದೇನೆ, ಅಂಕಲ್. ನೀವು ಮೊದಲು ಆ ಫಾರ್ವರ್ಡ್ ಅಳಿಸಿ.

ಸಿಹಿ ಮನೆ: ಕಾರ್ಗಿಲ್ ವಿಜಯ ದಿವಸಕ್ಕೆ ಊರಲ್ಲಿ ಒಂದು ರಜೆ ಇಲ್ಲ, ಇಲ್ಲಿ ಅಂಗಡಿ ಮುಚ್ಚಿಸುತ್ತಾರೆ. ಗೌರವ ಅಂದ್ರೆ ಇದು.

ಸಮತಾ: ರಜೆ ಕೊಟ್ಟರೆ ಗೌರವನಾ? ಅರ್ಧ ಜನ ಅವತ್ತು ಬಾರ್ಬೆಕ್ಯೂ ಮಾಡುತ್ತಾರೆ.

ಅಡ್ಮಿನ್: ವಿಷಯಕ್ಕೆ ಬನ್ನಿ 🙏🙏

ಬ್ರಂಸ್ವಿಕ್: ನಾಣ್ಯ ಹಾರಿಸಿ ದುಡ್ಡು ಕಟ್ಟುವ ಆ ಟೂ-ಅಪ್ ಆಟ ಅವತ್ತು ಆಡಬಹುದಂತೆ ಹೌದಾ? ಹಾಗಾದರೆ ಮನೇಲಿ ಇಸ್ಪೀಟೂ ಆಡಬಹುದಾ?

ವಕೀಲ ಮೇಡಂ: ಟೂ-ಅಪ್‌ಗೆ ಮಾತ್ರ ಆ ದಿನ ವಿನಾಯಿತಿ. ಇಲ್ಲಿ ಆರ್‌ಎಸ್‌ಎಲ್ ಕ್ಲಬ್ಬಿನಲ್ಲಿ ಆಡಿ.

ಬ್ರಂಸ್ವಿಕ್: ಇಸ್ಪೀಟು?

ಕ್ಲೇಟನ್ ವಿದ್ಯಾರ್ಥಿ: ಅಕ್ಕಾ, ಹೆಸರು ಹೇಳದೆ ಕೇಳುತ್ತೇನೆ. ದಿನಸಿ ಅಂಗಡಿಯಲ್ಲಿ ಕ್ಯಾಶುಯಲ್ ಕೆಲಸ. ಶನಿವಾರ ಬೆಳಿಗ್ಗೆ ಆರರಿಂದ ಒಂದರವರೆಗೆ ಶಟರ್ ಇಳಿಸಿ ಸ್ಟಾಕ್ ಜೋಡಿಸಬೇಕಂತೆ. ಅಂಗಡಿ ಮುಚ್ಚಿರುವುದರಿಂದ ಹಾಲಿಡೇ ರೇಟ್ ಇಲ್ಲ ಅಂದರು. ಒಂದು ಫಾರ್ಮ್ ಕೊಟ್ಟಿದ್ದಾರೆ, ‘ಯೋಧರ ನೆನಪಿಗಾಗಿ ಸ್ವಯಂಸೇವಕನಾಗಿ ಕೆಲಸ ಮಾಡುತ್ತಿದ್ದೇನೆ’ ಅಂತ. ಸೈನ್ ಮಾಡದಿದ್ದರೆ ಮುಂದಿನ ವಾರ ಶಿಫ್ಟ್ ಇಲ್ಲ. ಫೆಬ್ರವರಿಯಲ್ಲಿ ಒಂದು ಸಲ ನನ್ನದು ಗಂಟೆ ಜಾಸ್ತಿ ಆಗಿತ್ತು, ಅದು ಅವರಿಗೆ ಗೊತ್ತು, ವೀಸಾ ಅಂತಾನೂ ಅಂದರು.

ವೆರಿಬೀ ಅಂಕಲ್: ಆ ಫಾರ್ಮ್ ಗ್ರೂಪಿನಲ್ಲೂ ಬಂದಿತ್ತಲ್ಲ. ಒಳ್ಳೆಯ ಉಪಾಯ, ಇಬ್ಬರಿಗೂ ತಲೆನೋವಿಲ್ಲ.

ವಕೀಲ ಮೇಡಂ: ಅಂಕಲ್, ದಯವಿಟ್ಟು ಸುಮ್ಮನಿರಿ. ಆ ಫಾರ್ಮ್ ಯಾರು ಕಳಿಸಿದರೋ, ಯಾರು ಪ್ರಿಂಟ್ ಹಾಕಿದರೋ, ಎಲ್ಲರೂ ಓದಿ.

ತಮ್ಮಾ, ಸೈನ್ ಮಾಡಬೇಡ. ಮಾಡಿದ್ದರೂ ಹೆದರಬೇಡ, ಅದಕ್ಕೆ ಬೆಲೆ ಇಲ್ಲ. ಲಾಭಕ್ಕೆ ನಡೆಯುವ ಅಂಗಡಿಯಲ್ಲಿ ಪಾಳಿ ಹಾಕಿ ಕೆಲಸ ಮಾಡಿಸಿದರೆ ಅವನು ಕೆಲಸಗಾರ, ಕಾಗದದ ಮೇಲೆ ಏನೇ ಬರೆಸಿಕೊಂಡರೂ ಅಷ್ಟೆ. ಶಟರ್ ಮೇಲಿದೆಯೋ ಕೆಳಗಿದೆಯೋ ಅನ್ನುವುದು ಗಿರಾಕಿಗೆ ಸಂಬಂಧಪಟ್ಟದ್ದು, ನಿನ್ನ ಕೂಲಿಗಲ್ಲ. ಏಪ್ರಿಲ್ 25 ಸಾರ್ವಜನಿಕ ರಜೆ, ಶನಿವಾರ ಬಂದರೂ ರಜೆಯೇ. ಚಿಲ್ಲರೆ ಅಂಗಡಿಗಳ ಅವಾರ್ಡ್ (ಕನಿಷ್ಠ ಸಂಬಳದ ನಿಯಮ) ಪ್ರಕಾರ ಕ್ಯಾಶುಯಲ್‌ಗೆ ಆ ದಿನ ಮೂಲ ದರದ ಎರಡೂವರೆ ಪಟ್ಟು, ಕಾಯಂ ಇರುವವರಿಗೆ ಎರಡೂಕಾಲು ಪಟ್ಟು. ಅದಕ್ಕಿಂತ ಕಡಿಮೆಗೆ ನೀನೇ ಒಪ್ಪಿದರೂ ಕಾನೂನು ಒಪ್ಪಲ್ಲ.

ಇನ್ನೊಂದು. ರಜೆ ದಿನ ಕೆಲಸಕ್ಕೆ ಬರುತ್ತೀಯಾ ಅಂತ ಮಾಲೀಕರು ಕೇಳಬಹುದು, ಬರಲೇಬೇಕು ಅಂತ ಹೇರುವಂತಿಲ್ಲ. ಗಣಿ ಕೆಲಸಗಾರರನ್ನು ಕ್ರಿಸ್‌ಮಸ್ ದಿನ ಪಾಳಿಗೆ ಹಾಕಿದ ಪ್ರಕರಣದಲ್ಲಿ 2023ರಲ್ಲಿ ಫೆಡರಲ್ ಕೋರ್ಟಿನ ಪೂರ್ಣ ಪೀಠ ಇದನ್ನೇ ಹೇಳಿತು: ಮೊದಲು ಕೇಳಬೇಕು, ಸರಿಯಾದ ಕಾರಣ ಇದ್ದರೆ ಇಲ್ಲ ಅನ್ನಲು ಅವಕಾಶ ಇರಬೇಕು.

ವೀಸಾ ವಿಷಯ ನನಗೆ ನಿಜವಾಗಿಯೂ ಚಿಂತೆ. ವಿದ್ಯಾರ್ಥಿ ವೀಸಾದವರಿಗೆ ಎರಡು ವಾರಕ್ಕೆ 48 ಗಂಟೆ ಕೆಲಸ ಅನ್ನುವ ಮಿತಿ ಇದೆ, ಮೀರಿದ್ದು ಸಣ್ಣ ವಿಷಯ ಅಂತ ನಾನು ಹೇಳಲ್ಲ. ಆದರೆ ಸಂಬಳದ ವಂಚನೆ ಬಗ್ಗೆ ದೂರು ಕೊಡುವ ವೀಸಾದಾರರಿಗೆ ರಕ್ಷಣೆಯ ವ್ಯವಸ್ಥೆ ಇದೆ, ಅದಕ್ಕೆ ಕೆಲವು ಷರತ್ತುಗಳಿವೆ. ವೀಸಾ ರದ್ದು ಮಾಡುವ ಅಧಿಕಾರ ಸರ್ಕಾರದ್ದು, ಅಂಗಡಿ ಮಾಲೀಕರದ್ದಲ್ಲ. ಆ ಹೆದರಿಕೆ ತೋರಿಸಿ ದುಡಿಸಿಕೊಳ್ಳುವುದೇ ಅಪರಾಧ. 2025ರ ಜನವರಿ 1ರಿಂದ ಬೇಕಂತಲೇ ಸಂಬಳ ಕಡಿಮೆ ಕೊಡುವುದೂ ಕ್ರಿಮಿನಲ್ ಅಪರಾಧ, ಹತ್ತು ವರ್ಷದವರೆಗೆ ಜೈಲು.

ಈಗ ಮಾಡಬೇಕಾದ್ದು: ನಿನ್ನ ಫೆಬ್ರವರಿ ಸಾಲು ಇಲ್ಲಿಂದ ಅಳಿಸು. ಫಾರ್ಮ್‌ನ ಫೋಟೋ, ಪಾಳಿಯ ಮೆಸೇಜ್, ವೀಸಾ ಅಂತ ಅಂದ ದಿನ ಎಲ್ಲ ಬೇರೆ ಕಡೆ ಇಟ್ಟುಕೋ. ಕೆಲಸದ ಗಂಟೆಯನ್ನು ನೀನೇ ದಿನಾ ಬರೆದಿಡು. ಮಾಲೀಕರು ಸರಿಯಾದ ದಾಖಲೆ ಇಡದಿದ್ದರೆ, ಕಡಿಮೆ ಕೊಟ್ಟಿಲ್ಲ ಅಂತ ಸಾಬೀತು ಮಾಡುವ ಹೊಣೆ ಅವರ ಮೇಲೇ ಬೀಳಬಹುದು. ಹಳೆಯ ಬಾಕಿ ಆರು ವರ್ಷ ಹಿಂದಿನದೂ ಕೇಳಬಹುದು. ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡು. ಇವತ್ತೇ.

ಟಾರ್ನೀಟ್ ಅಂಗಡಿ: ಮೇಡಂ, ಒಂದು ಕಡೆ ಕೇಳಿ ಇಷ್ಟು ಬರೆಯಬಾರದು. ಬಾಡಿಗೆ, ಕರೆಂಟು, ಇನ್ಶೂರೆನ್ಸ್ ಗೊತ್ತಾ? ಇದೇ ಗ್ರೂಪಿನವರು ಬಂದು ಸೋನಾ ಮಸೂರಿ ಮೂಟೆಗೆ ಎರಡು ಡಾಲರ್ ಬಿಡಿ ಅಂತ ಅರ್ಧ ಗಂಟೆ ನಿಲ್ಲುತ್ತಾರೆ.

ಸಮತಾ: ಓಹೋ. ಯಾರ ಅಂಗಡಿ ಅಂತ ಯಾರೂ ಹೇಳಿರಲಿಲ್ಲ.

ಟಾರ್ನೀಟ್ ಅಂಗಡಿ: ನಾನು ಸಾಮಾನ್ಯವಾಗಿ ಹೇಳಿದ್ದು.

ಮಲ್ಲೇಶ್ವರ ಟು ಮೆಲ್ಬರ್ನ್: ಎರಡು ಡಾಲರ್ ಬಿಡದಿದ್ದರೂ ಪರವಾಗಿಲ್ಲ ಸ್ವಾಮಿ, ಹುಡುಗರ ಸಂಬಳ ಬಿಡಬೇಡಿ.

ಟಾರ್ನೀಟ್ ಅಂಗಡಿ: ಊರಿಂದ ಬಂದ ಹುಡುಗರಿಗೆ ಕೆಲಸ ಯಾರು ಕೊಟ್ಟರು? ನೀವಾ?

ಕ್ರೇಗಿಬರ್ನ್: ಪಾರ್ಟ್ ಟೈಂ ಇದ್ದವರಿಗೆ ಶನಿವಾರ ಮಾಮೂಲಿ ಪಾಳಿ ಇದ್ದು ಅಂಗಡಿ ಮುಚ್ಚಿದರೆ ಸಂಬಳ ಉಂಟಾ?

ವಕೀಲ ಮೇಡಂ: ಉಂಟು. ಮಾಮೂಲಿ ಗಂಟೆಗೆ ಮೂಲ ದರ. ಕ್ಯಾಶುಯಲ್‌ಗೆ ಇಲ್ಲ.

ಟ್ರಗನೀನಾ: ಅತ್ತೆಯ ವಿಸಿಟರ್ ವೀಸಾ ಮುಂದುವರಿಸಬೇಕು, ಇದೇ ಥ್ರೆಡ್ಡಲ್ಲಿ ಕೇಳಬಹುದಾ?

ಪಾಯಿಂಟ್ ಕುಕ್: ಮೇಡಂ, ಸೋಮವಾರ ಸ್ಕೂಲಿಗಾದರೂ ರಜೆ?

ವಕೀಲ ಮೇಡಂ: ಇಲ್ಲ!! ಮೇಲೆ ಓದಿ.

ವೆರಿಬೀ ಅಂಕಲ್: ಭಾವಮೈದ ಹೇಳುತ್ತಾನೆ, ಫಾರ್ಮನ್ನು ಜೆಪಿ (ದಾಖಲೆಗೆ ಸಾಕ್ಷಿ ಸಹಿ ಹಾಕುವ ಅಧಿಕಾರ ಇರುವವರು) ಹತ್ತಿರ ಸೀಲ್ ಹಾಕಿಸಿದರೆ ನಡೆಯುತ್ತದಂತೆ.

ವಕೀಲ ಮೇಡಂ: ಸೀಲ್ ಹಾಕಿದ ಸುಳ್ಳೂ ಸುಳ್ಳೇ. ನಿಮ್ಮ ಭಾವಮೈದನಿಗೆ ನನ್ನ ಫೀಸ್ ಎಷ್ಟು ಅಂತ ತಿಳಿಸಿ, ಆಮೇಲೆ ಮಾತಾಡೋಣ.

ಟಾರ್ನೀಟ್ ಅಂಗಡಿ: ಮೇಡಂ, ಸಿಟ್ಟು ಬೇಡ. ಒಂದು ಸಲಹೆ. ಮೂವರು ಆಗಲೇ ಸೈನ್ ಮಾಡಿದ್ದಾರೆ. ಹರಿದು ಹಾಕಿಬಿಡಲಾ?

ವಕೀಲ ಮೇಡಂ: ಹರಿಯಬೇಡಿ. ಯಾವ ಕಾಗದವನ್ನೂ ಮುಟ್ಟಬೇಡಿ, ಯಾವ ಮೆಸೇಜನ್ನೂ ಅಳಿಸಬೇಡಿ. ಶನಿವಾರ ಇನ್ನೂ ಬಂದಿಲ್ಲ. ಆ ಮೂವರಿಗೆ ಫಾರ್ಮ್ ರದ್ದು ಅಂತ ಲಿಖಿತವಾಗಿ ತಿಳಿಸಿ, ಬರಲು ಒಪ್ಪಿದವರಿಗೆ ಪೂರ್ತಿ ದರ ಕೊಡಿ. ಇದಕ್ಕಿಂತ ಜಾಸ್ತಿ ನನ್ನನ್ನು ಕೇಳಬೇಡಿ, ಬೇರೆ ವಕೀಲರನ್ನು ಹಿಡಿಯಿರಿ. ಆ ಹುಡುಗ ಈಗಾಗಲೇ ನನಗೆ ಮೆಸೇಜ್ ಮಾಡಿದ್ದಾನೆ, ಇಬ್ಬರ ಪರವಾಗಿಯೂ ಕೂರಲು ನನಗೆ ಬರುವುದಿಲ್ಲ.

ಅಡ್ಮಿನ್: ಕಾಮೆಂಟ್ ಮುಚ್ಚಿದ್ದೇನೆ. ಬರ್ಫಿ ಆರ್ಡರ್‌ಗಳನ್ನು ಬೇರೆ ಪೋಸ್ಟಿನಲ್ಲಿ ಹಾಕಿ.