ಅಪ್‌ಡೇಟ್: ಉಬುಂಟುಗೆ ಕೊನೆಗೂ ಎಸ್‌ಎಸ್‌ಡಿ ಕಾಣಿಸಿತು

ಹೋದ ವಾರ ಕೇಳಿದ್ದೆನಲ್ಲ, ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಜೊತೆಗೆ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಲು ಹೋದರೆ ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿಯೇ (ಎಲ್ಲಾ ಡೇಟಾ ಇರುವ ಡ್ರೈವ್) ಕಾಣುತ್ತಿಲ್ಲ ಅಂತ. ನಿನ್ನೆ ರಾತ್ರಿ ಸರಿಹೋಯಿತು!

ಉಬುಂಟು ಹಾಕುವ ಪೆನ್‌ಡ್ರೈವ್ ಹೊಸದಾಗಿ ಮಾಡಿದೆ, ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ರಕ್ಷಣೆ) ಆಫ್ ಮಾಡಿದೆ. ಎರಡರಿಂದಲೂ ಆಗಲಿಲ್ಲ. ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಸ್ಟೋರೇಜ್ ಮೋಡನ್ನು ಆರ್‌ಎಸ್‌ಟಿಯಿಂದ (ಇಂಟೆಲ್‌ನ ಸ್ಟೋರೇಜ್ ವ್ಯವಸ್ಥೆ) ಎಎಚ್‌ಸಿಐಗೆ (ಎಲ್ಲೆಡೆ ಬಳಸುವ ಸಾಮಾನ್ಯ ವಿಧಾನ) ಬದಲಿಸಿ ಅಂತ ಆಗ ಉತ್ತರ ಕೊಟ್ಟಿದ್ದಿರಲ್ಲ ಸರ್, ಕೆಲಸ ಮಾಡಿದ್ದು ಅದೇ. ತುಂಬಾ ಥ್ಯಾಂಕ್ಸ್. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡಬಹುದು. ನಾನು ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಸೆಟ್ಟಿಂಗ್ಸ್‌ನಲ್ಲಿ ಸೇಫ್ ಬೂಟ್‌ಗೆ (ಅತ್ಯಗತ್ಯ ಡ್ರೈವರ್‌ಗಳಿಂದ ಮಾತ್ರ ಶುರುವಾಗುವುದು) ಟಿಕ್ ಹಾಕಿದೆ. ರೀಸ್ಟಾರ್ಟ್ ಆಗುವಾಗ ಬಯೋಸ್‌ಗೆ ಹೋಗಿ ಬದಲಿಸಿದೆ. ವಿಂಡೋಸ್ ಒಮ್ಮೆ ಸೇಫ್ ಮೋಡ್‌ನಲ್ಲಿ ತೆರೆದ ಮೇಲೆ ಟಿಕ್ ತೆಗೆದೆ. ನಡುವೆ ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) 48 ಅಂಕಿಯ ರಿಕವರಿ ಕೀ ಕೇಳಿತು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದು ಒಳ್ಳೇದಾಯ್ತು. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿಟ್ಟರೆ ಆ ಹೊತ್ತಿಗೆ ಸಿಗಲ್ಲ ಅಲ್ವಾ.

ಒಂದು ವಿಷಯ ಮಾತ್ರ ಗೊತ್ತೇ ಇರಲಿಲ್ಲ. ಉಬುಂಟು ಬಂದ ಮೇಲೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ! ಉಬುಂಟು ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಇಲ್ಲಿನ ಸಮಯ ಅಂದುಕೊಳ್ಳುತ್ತದೆ. ಉಬುಂಟುವಿನಲ್ಲಿ ಲೋಕಲ್ ಟೈಮ್ ಇಡುವಂತೆ ಬದಲಿಸಿದೆ. ಈಗ ಎರಡರಲ್ಲೂ ಒಂದೇ ಸಮಯ.