ಹಳೇ ವ್ಯಾನಿನ ಎಂಜಿನ್ ಲೈಟ್: ಮನೆಯಲ್ಲೇ ಕೋಡ್ ಓದಬಹುದಾ?

ತೀರ್ಥಹಳ್ಳಿಯವ:
ನಮ್ಮದು 2014ರ ಪೆಟ್ರೋಲ್ ವ್ಯಾನ್. ಗೊಬ್ಬರ ತರುವುದಕ್ಕೂ ಅದೇ, ಮದುವೆ ಮನೆಗೂ ಅದೇ. ಮೊನ್ನೆ ಹೆಬ್ರಿ ಕಡೆಯಿಂದ ಆಗುಂಬೆ ಘಾಟಿ ಹತ್ತುವಾಗ, ಧೋ ಮಳೆ, ಎಂಜಿನ್ ಲೈಟ್ ಬಂತು. ಗಾಡಿ ಕೆಮ್ಮುತ್ತಾ ಏರಿತು. ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿ ಲೈಟ್ ಆರಿಸಿದರು. ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಏನು ಅಂದರೆ "ಸೆನ್ಸರ್" ಅಂದರು, ಅಷ್ಟೇ. ಮಂಡಗದ್ದೆ ದಾಟುವಷ್ಟರಲ್ಲಿ ಲೈಟ್ ಮತ್ತೆ ಹಾಜರ್! ಕೋಡ್ ನಾನೇ ಓದಬಹುದಾ?

ಹಳೇ ಸ್ಪ್ಯಾನರ್:
ಓದಬಹುದು. ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿ, 16 ಪಿನ್ನಿನ ಒಬಿಡಿ ಸಾಕೆಟ್ (ಗಾಡಿಯ ದೋಷ ಓದುವ ಕಿಂಡಿ) ಇದೆಯಾ? ಇದ್ದರೆ ಇಎಲ್‌ಎಂ 327 ಅನ್ನುವ, ಕೋಡನ್ನು ಮೊಬೈಲಿಗೆ ಕಳಿಸುವ ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಕೀ ಆನ್ ಮಾಡಿ, ಮೊಬೈಲ್ ಆ್ಯಪ್‌ನಲ್ಲಿ ಕೋಡ್ ಬರುತ್ತದೆ. ಆದರೆ 2017ರ ತನಕ ಎಲ್ಲ ಊರಲ್ಲೂ ಬಿಎಸ್ 4 (ಹೊಗೆ ಮಾಲಿನ್ಯ ನಿಯಮದ 4ನೇ ಹಂತ) ಗಾಡಿ ಇರಲಿಲ್ಲ. ನಿಮ್ಮದು ಬಿಎಸ್ 3 ಆದರೆ ಸಾಕೆಟ್ ಇದ್ದೂ ಅಡಾಪ್ಟರ್ ಮಾತಾಡದೇ ಇರಬಹುದು. ಮೊದಲು ಯಾರದಾದರೂ ಕೇಳಿ ತಂದು ನೋಡಿ, ಆಮೇಲೆ ಕೊಳ್ಳಿ. ಕೋಡ್ ಅಳಿಸುವ ಮುಂಚೆ ಸ್ಕ್ರೀನಿನ ಫೋಟೋ ಇಟ್ಟುಕೊಳ್ಳಿ.

ತೀರ್ಥಹಳ್ಳಿಯವ:
ಭಾವನ ಹತ್ತಿರ ಇತ್ತು, ಸಿಕ್ಕಿತು. ಪಿ0303 ಮತ್ತು ಪಿ0203. ಮೊದಲನೆಯದು 3ನೇ ಸಿಲಿಂಡರ್ ಮಿಸ್‌ಫೈರ್ ಅಂತೆ, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ತರಿಸಲಾ?

ಹಳೇ ಸ್ಪ್ಯಾನರ್:
ತಡೀರಿ ಮಾರಾಯ್ರೇ! ಬರೀ 0303 ಆಗಿದ್ದರೆ, 3ರ ಕಾಯಿಲ್ 2ಕ್ಕೆ ಹಾಕಿ ಓಡಿಸಿ, ಕೋಡ್ 0302 (2ನೇ ಸಿಲಿಂಡರ್) ಆದರೆ ಕಾಯಿಲ್ ಹೋಗಿದೆ ಅನ್ನುತ್ತಿದ್ದೆ. ಆದರೆ 0203 ಅಂದರೆ 3ನೇ ಇಂಜೆಕ್ಟರಿನ (ಪೆಟ್ರೋಲ್ ಚಿಮ್ಮಿಸುವ ಭಾಗದ) ಸರ್ಕಿಟ್. ಅಲ್ಲಿಗೆ ಕರೆಂಟೇ ಸರಿಯಾಗಿ ಹೋಗುತ್ತಿಲ್ಲ. ಸೀಟ್ ಎತ್ತಿ, ಕೆಳಗಿನ ಎಂಜಿನ್ನಿನ ವೈರ್ ನೋಡಿ.

ಸಾಗರದಿಂದ:
ಲೈಟ್ ಮಿಣುಕುತ್ತಿದ್ದರೆ ಓಡಿಸಲೇಬೇಡಿ. ಮಿಸ್‌ಫೈರ್ ಆದಾಗ ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು. ಅದರ ರೇಟ್ ಕೇಳಿದರೆ ಊಟ ಸೇರುವುದಿಲ್ಲ. ಅಡಾಪ್ಟರನ್ನೂ ಅಲ್ಲೇ ಬಿಡಬೇಡಿ, ಕೀ ತೆಗೆದರೂ ಬ್ಯಾಟರಿ ಎಳೆಯುತ್ತಿರುತ್ತದೆ.

ತೀರ್ಥಹಳ್ಳಿಯವ:
ಇಲಿ! ಸೀಟ್ ಎತ್ತಿ ಟಾರ್ಚ್ ಬಿಟ್ಟರೆ 3ನೇ ಇಂಜೆಕ್ಟರಿನ ವೈರ್ ಅರ್ಧ ಕಡಿದಿದೆ, ಎಂಜಿನ್ ಪಕ್ಕ ಹಲಸಿನ ಬೀಜದ ಸಿಪ್ಪೆ ರಾಶಿ. ಬ್ಯಾಟರಿ ಬಿಚ್ಚಿ ಬೆಸುಗೆ ಹಾಕಿಸಿ, ಸ್ಲೀವ್ ಎಳೆಸಿದೆ. ಶಿವಮೊಗ್ಗಕ್ಕೆ ಹೋಗಿ ಬಂದರೂ ಲೈಟ್ ಇಲ್ಲ. ಅಟ್ಟದ ಬೀಜ ಕಮ್ಮಿಯಾಗುತ್ತಿದೆ ಅಂತ ಅಮ್ಮ ಒಂದು ವಾರದಿಂದ ನನ್ನನ್ನೇ ಗುಮಾನಿಯಿಂದ ನೋಡುತ್ತಿದ್ದರು.