ಬೂಟ್ ಆಗಲು ನಾಲ್ಕು ನಿಮಿಷ: ನಿಮ್ಮ ಕಂಪ್ಯೂಟರ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ?

ಕೇಳಿದವರು

ನನ್ನ ಲ್ಯಾಪ್‌ಟಾಪಿಗೆ ಎಂಟು ವರ್ಷವಾಯಿತು. ವಿಂಡೋಸ್ 10, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬೆಳಿಗ್ಗೆ ಪವರ್ ಗುಂಡಿ ಒತ್ತಿದ ಮೇಲೆ ಕೆಲಸಕ್ಕೆ ಕೂರಲು ನಾಲ್ಕು ನಿಮಿಷ ಬೇಕು. ಗೆಳೆಯನೊಬ್ಬ ತನ್ನದು ಹನ್ನೆರಡೇ ಸೆಕೆಂಡಿನಲ್ಲಿ ಏಳುತ್ತದೆ ಎಂದು ಕೊಚ್ಚಿಕೊಳ್ಳುತ್ತಾನೆ. ನಿಮ್ಮ ಯಂತ್ರಗಳ ಲೆಕ್ಕ ಏನು? ನಾನು ರ‍್ಯಾಮ್ ಹೆಚ್ಚಿಸಬೇಕೋ, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಹಾಕಬೇಕೋ, ಎಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಕೂರಿಸಬೇಕೋ?

ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಕೊಂಡವರು

ಮೊದಲು ಆ ಹನ್ನೆರಡು ಸೆಕೆಂಡನ್ನು ಬದಿಗಿಡಿ. ಎಲ್ಲಿಂದ ಎಲ್ಲಿಯವರೆಗೆ ಎಣಿಸಿದ್ದು ಎಂದು ಗೊತ್ತಾಗದ ಹೊರತು ಅದಕ್ಕೆ ಅರ್ಥವಿಲ್ಲ. ನಾನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಾಲ್ಕು ತುಂಡು ಮಾಡುತ್ತೇನೆ: ಗುಂಡಿ ಒತ್ತಿದಲ್ಲಿಂದ ತಿರುಗುವ ಚುಕ್ಕೆಗಳು ಕಾಣುವವರೆಗೆ ಒಂದು, ಅಲ್ಲಿಂದ ಪಾಸ್‌ವರ್ಡ್ ಕೇಳುವವರೆಗೆ ಎರಡು, ಪಾಸ್‌ವರ್ಡ್ ಕೊಟ್ಟ ಮೇಲೆ ಡೆಸ್ಕ್‌ಟಾಪ್ ಕಾಣುವವರೆಗೆ ಮೂರು, ಬ್ರೌಸರಿನಲ್ಲಿ ಒಂದು ಪುಟ ಪೂರ್ತಿ ಮೂಡುವವರೆಗೆ ನಾಲ್ಕು. ನಾವು ಶಪಿಸುವುದು ಈ ನಾಲ್ಕನೆಯ ತುಂಡನ್ನು. ಕೊಚ್ಚಿಕೊಳ್ಳುವವರು ಎಣಿಸುವುದು ಮೊದಲೆರಡನ್ನು ಮಾತ್ರ.

ಇನ್ನೊಂದು ಕಣ್ಕಟ್ಟು ಇದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ಶಟ್ ಡೌನ್ ಕೊಟ್ಟಾಗ ಯಂತ್ರ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ನಿಮ್ಮ ಪ್ರೋಗ್ರಾಮುಗಳನ್ನು ಮುಚ್ಚಿ, ವಿಂಡೋಸಿನ ತಿರುಳಾದ ಕರ್ನಲ್ ಮತ್ತು ಯಂತ್ರದ ಭಾಗಗಳನ್ನು ನಡೆಸುವ ಡ್ರೈವರುಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಮರುದಿನ ಅದನ್ನೇ ಓದಿಕೊಂಡು ಏಳುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಮೊದಲಿನಿಂದ ಎಲ್ಲವನ್ನೂ ಕಟ್ಟುತ್ತದೆ. ಹಾಗಾಗಿ ಒಬ್ಬರ ಶಟ್ ಡೌನ್ ಲೆಕ್ಕವನ್ನು ಇನ್ನೊಬ್ಬರ ರೀಸ್ಟಾರ್ಟ್ ಲೆಕ್ಕದ ಪಕ್ಕ ಇಟ್ಟರೆ ಜಗಳವೇ ಗತಿ. ಯಾವುದಾದರೂ ಒಂದನ್ನು ಹಿಡಿದು ಮೂರು ಸಲ ಅಳೆಯಿರಿ. ಅಪ್‌ಡೇಟ್ ಆದ ದಿನದ ಅಳತೆಯನ್ನು ಬಿಟ್ಟುಬಿಡಿ.

ಈಗ ನನ್ನ ಲೆಕ್ಕ. ಹಾರ್ಡ್ ಡಿಸ್ಕ್ ಇದ್ದಾಗ 14, 52, 38, 95 ಸೆಕೆಂಡು, ಒಟ್ಟು 199. ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುವ ಸಾಟಾ ಎಸ್‌ಎಸ್‌ಡಿ ಹಾಕಿದ ಮೇಲೆ 13, 11, 6, 9, ಒಟ್ಟು 39. ಮೊದಲ ತುಂಡು ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ ನೋಡಿ. ಅದು ವಿಂಡೋಸಿಗಿಂತ ಮೊದಲೇ ಎದ್ದು ಯಂತ್ರವನ್ನು ಸಿದ್ಧ ಮಾಡುವ ಬಯೋಸಿನ ಕೆಲಸ, ಡಿಸ್ಕಿಗೂ ಅದಕ್ಕೂ ಅಷ್ಟು ನಂಟಿಲ್ಲ.

ಉಳಿದದ್ದು ಯಾಕೆ ಹೀಗೆ ಕುಸಿಯಿತು ಎಂದರೆ, ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಜಾಗ ಡಿಸ್ಕನ್ನು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ತಲೆಯೂ ಅತ್ತಿತ್ತ ಓಡಬೇಕು. ಚದುರಿದ ಚಿಕ್ಕ ಚಿಕ್ಕ ಓದುಗಳಾದರೆ ಸೆಕೆಂಡಿಗೆ ನೂರನ್ನು ಮುಟ್ಟುವುದೂ ಕಷ್ಟ. ಬೂಟ್ ಆಗುವಾಗ ಬೇಕಾಗುವುದು ಇಂಥ ಸಾವಿರಾರು ಓದುಗಳೇ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅದು ಸೆಕೆಂಡಿಗೆ ಹತ್ತಾರು ಸಾವಿರ ಓದುಗಳನ್ನು ನಿಭಾಯಿಸುತ್ತದೆ.

ನಿಮ್ಮ 8 ಜಿಬಿ ರ‍್ಯಾಮ್ ಬೂಟ್ ಆಗಲು ಧಾರಾಳ. 4 ಜಿಬಿ ಇದ್ದಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ಹೊಸ ಇನ್‌ಸ್ಟಾಲ್ ಕೂಡ ಬೇಕಾಗಲಿಕ್ಕಿಲ್ಲ. ನಾನು ಹಳೆಯ ಡಿಸ್ಕನ್ನು ಇದ್ದ ಹಾಗೆ ಕ್ಲೋನ್ ಮಾಡಿದೆ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಹಾಕಿದ್ದರೆ ಮಾತ್ರ ರಿಕವರಿ ಕೀ ಕೈಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಬಯೋಸಿನಲ್ಲಿ ಏನಾದರೂ ಬದಲಿಸಿದಾಗಲೂ ಅದು ಆ ಕೀ ಕೇಳಬಹುದು.

ಸಾಫ್ಟ್‌ವೇರಿನಲ್ಲೇ ಸರಿಮಾಡಿಕೊಂಡವರು

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ದುಡ್ಡು ಬಿಚ್ಚುವ ಮುಂಚೆ ಟಾಸ್ಕ್ ಮ್ಯಾನೇಜರಿನ 'ಸ್ಟಾರ್ಟಪ್' ಪುಟವನ್ನು ಒಮ್ಮೆ ತೆರೆಯಿರಿ. ಯಾವ ಪ್ರೋಗ್ರಾಮ್ ಎಷ್ಟು ಭಾರ ಎಂದು ಅಲ್ಲಿಯೇ ಬರೆದಿರುತ್ತದೆ. ಯುಇಎಫ್‌ಐ (ಹೊಸ ಬಗೆಯ ಬಯೋಸ್) ಇರುವ ಯಂತ್ರವಾದರೆ ಮೂಲೆಯಲ್ಲಿ 'ಲಾಸ್ಟ್ ಬಯೋಸ್ ಟೈಮ್' ಕೂಡ ಸಿಗುತ್ತದೆ. ಮೊದಲ ತುಂಡಿಗೆ ಸ್ಟಾಪ್‌ವಾಚೂ ಬೇಡ.

ನಾನು ಮಾಡಿದ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಒಂದು ಭಾನುವಾರ ಉತ್ಸಾಹ ಉಕ್ಕಿ ಅಲ್ಲಿದ್ದ ಹದಿನಾಲ್ಕು ಪ್ರೋಗ್ರಾಮುಗಳನ್ನೂ ಒಟ್ಟಿಗೆ ಆಫ್ ಮಾಡಿದೆ. ಬೂಟ್ ವೇಗವಾಯಿತು, ನಿಜ. ಜೊತೆಗೆ ಟಚ್‌ಪ್ಯಾಡಿನಲ್ಲಿ ಎರಡು ಬೆರಳಿನ ಸ್ಕ್ರಾಲ್ ಹೋಯಿತು, ಧ್ವನಿ ಹೆಚ್ಚು ಕಡಿಮೆ ಮಾಡುವ ಕೀಗಳು ಸತ್ತವು. ಯಾವುದರಿಂದ ಯಾವುದು ಕೆಟ್ಟಿತೆಂದು ಹುಡುಕಲು ಇಡೀ ಸಂಜೆ ಹಿಡಿಯಿತು. ಒಂದೊಂದಾಗಿ ತೆಗೆಯಿರಿ. ನನ್ನಲ್ಲಿ ಸಿಕ್ಕ ನಿಜವಾದ ಕಳ್ಳ ಎರಡನೆಯ ಆ್ಯಂಟಿವೈರಸ್. ಹಳೆಯದರ ಅವಧಿ ಮುಗಿದು ವರ್ಷವಾಗಿದ್ದರೂ ದಿನಾ ಬೆಳಿಗ್ಗೆ ಎದ್ದು ಎಲ್ಲವನ್ನೂ ತಡಕಾಡುತ್ತಿತ್ತು. ಅದನ್ನು ತೆಗೆದದ್ದಕ್ಕೇ ನಾಲ್ಕನೆಯ ತುಂಡಿನಲ್ಲಿ 30 ಸೆಕೆಂಡು ಉಳಿಯಿತು.

ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್ ಸೆಟ್ಟಿಂಗ್ ಕಿಟಕಿಯಲ್ಲಿ ಪ್ರೊಸೆಸರ್ ಸಂಖ್ಯೆ ಹೆಚ್ಚಿಸಿದರೆ ಬೂಟ್ ಬೇಗ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಪರೀಕ್ಷೆಗೆಂದು ಕೋರುಗಳನ್ನು ಕಡಿಮೆ ಮಾಡಲು ಇರುವ ಮಿತಿ. ಏನೂ ಗುರುತು ಹಾಕದಿದ್ದಾಗ ಎಲ್ಲ ಕೋರುಗಳೂ ಕೆಲಸ ಮಾಡುತ್ತವೆ. ವಿಂಡೋಸಿನ ಸೆಟ್ಟಿಂಗುಗಳ ಉಗ್ರಾಣವನ್ನು ಗುಡಿಸುವ ರಿಜಿಸ್ಟ್ರಿ ಕ್ಲೀನರುಗಳಿಂದಲೂ ನನಗೆ ಒಂದು ಸೆಕೆಂಡು ಉಳಿದಿಲ್ಲ. ಪ್ರಿಫೆಚ್ ಫೋಲ್ಡರನ್ನು ಖಾಲಿ ಮಾಡುವುದಂತೂ ತಿರುಗುಬಾಣ: ಬೇಗ ತೆರೆಯಲೆಂದೇ ವಿಂಡೋಸ್ ಬರೆದಿಟ್ಟುಕೊಂಡ ಟಿಪ್ಪಣಿಯನ್ನು ನೀವೇ ಹರಿದುಹಾಕಿದಂತೆ.

ಲಿನಕ್ಸ್ ಬಳಸುವವರು

ಪ್ರಶ್ನೆ ವಿಂಡೋಸಿನದಾದರೂ ನನ್ನ ಕಥೆ ಉಪಯೋಗಕ್ಕೆ ಬರಬಹುದು. ಎಸ್‌ಎಸ್‌ಡಿ ಇದ್ದ ಯಂತ್ರ ಒಂದು ದಿನ ಇದ್ದಕ್ಕಿದ್ದಂತೆ ಸುಮಾರು ಎರಡು ನಿಮಿಷ ತೆಗೆದುಕೊಳ್ಳತೊಡಗಿತು. ಲಿನಕ್ಸಿನಲ್ಲಿ ಸೇವೆಗಳನ್ನು ಎಬ್ಬಿಸುವುದು ಸಿಸ್ಟಮ್‌ಡಿ. 'ಸಿಸ್ಟಮ್‌ಡಿ-ಅನಲೈಸ್' ಆಜ್ಞೆ ಕೊಟ್ಟರೆ ಫರ್ಮ್‌ವೇರ್ (ಅಂದರೆ ಬಯೋಸ್), ಬೂಟ್ ಲೋಡರ್, ಕರ್ನಲ್, ಉಳಿದ ಸೇವೆಗಳು ಎಂದು ಲೆಕ್ಕ ಬಿಡಿಬಿಡಿಯಾಗಿ ಬರುತ್ತದೆ. ಅದರ ಜೊತೆ 'ಬ್ಲೇಮ್' ಸೇರಿಸಿದರೆ ಹೆಚ್ಚು ಹೊತ್ತು ಹಿಡಿದವುಗಳ ಪಟ್ಟಿ ಸಿಗುತ್ತದೆ. ಆದರೆ ಪಟ್ಟಿಯ ತುದಿಯಲ್ಲಿರುವುದೇ ಅಪರಾಧಿ ಎಂದುಕೊಳ್ಳಬೇಡಿ. ಅನೇಕ ಸೇವೆಗಳು ಜೊತೆಜೊತೆಯಾಗಿ ಏಳುತ್ತವೆ, ಹಾಗಾಗಿ ನಿಧಾನವಾದದ್ದೊಂದು ಯಾರಿಗೂ ಅಡ್ಡಿ ಮಾಡದೇ ಇರಬಹುದು. ಯಾರು ಯಾರಿಗಾಗಿ ಕಾದರು ಎಂದು ತೋರಿಸುವುದು 'ಕ್ರಿಟಿಕಲ್-ಚೈನ್'.

ನನ್ನಲ್ಲಿ ತಡವಾಗುತ್ತಿದ್ದದ್ದು ಸರಿಯಾಗಿ 90 ಸೆಕೆಂಡು. ಇಷ್ಟು ದುಂಡಗಿನ ಅಂಕಿ ಕಂಡರೆ ಅದು ಕೆಲಸವಲ್ಲ, ಕಾಯುವಿಕೆ ಎಂದು ಅನುಮಾನಿಸಬೇಕು. ಬ್ಯಾಕಪ್ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಟ್ಟಿದ್ದೆ, ಬೂಟ್ ಆಗುವಾಗ ಯಾವ ಡಿಸ್ಕುಗಳನ್ನು ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಅದರ ಸಾಲು ಹಾಗೆಯೇ ಉಳಿದಿತ್ತು. ಇಲ್ಲದ ಡಿಸ್ಕಿಗಾಗಿ ಸಿಸ್ಟಮ್‌ಡಿ ತನ್ನ ರೂಢಿಯ ಒಂದೂವರೆ ನಿಮಿಷ ಬಾಗಿಲಲ್ಲಿ ನಿಂತು ಕಾಯುತ್ತಿತ್ತು. ಆ ಸಾಲಿಗೆ 'ನೋಫೇಲ್' (ಡಿಸ್ಕ್ ಸಿಗದಿದ್ದರೂ ಮುಂದುವರಿ ಎಂಬ ಸೂಚನೆ) ಸೇರಿಸಿದೆ, ಮುಗಿಯಿತು. ಒಂದೇ ಯಂತ್ರದಲ್ಲಿ ವಿಂಡೋಸೂ ಲಿನಕ್ಸೂ ಇಟ್ಟುಕೊಂಡವರು ಮೇಲೆ ಹೇಳಿದ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಡುವುದು ಒಳ್ಳೆಯದು. ಇಲ್ಲದಿದ್ದರೆ ವಿಂಡೋಸಿನ ವಿಭಾಗ ಅರ್ಧ ನಿದ್ದೆಯಲ್ಲಿರುತ್ತದೆ, ಲಿನಕ್ಸಿಗೆ ಅದರಲ್ಲಿ ಬರೆಯಲು ಆಗುವುದಿಲ್ಲ.

ಹೊಸ ಡೆಸ್ಕ್‌ಟಾಪ್ ಜೋಡಿಸಿದವರು

ಎಲ್ಲವೂ ಹೊಸದಾದರೆ ಕಾಯುವುದೇ ಇಲ್ಲ ಎಂದು ನಾನೂ ಅಂದುಕೊಂಡಿದ್ದೆ. ಹೊಸ ಪೀಳಿಗೆಯ ಡಿಡಿಆರ್5 ರ‍್ಯಾಮ್ ಹಾಕಿ ಮೊದಲ ಸಲ ಗುಂಡಿ ಒತ್ತಿದಾಗ ಪರದೆ ನಿಮಿಷಗಟ್ಟಲೆ ಕಪ್ಪಾಗಿಯೇ ಇತ್ತು. ಮದರ್‌ಬೋರ್ಡು ಕೆಟ್ಟಿದೆ ಎಂದು ವಾಪಸು ಕಟ್ಟಲು ಪೆಟ್ಟಿಗೆಯನ್ನೂ ತಂದಿಟ್ಟಿದ್ದೆ. ಕೆಟ್ಟಿರಲಿಲ್ಲ, ರ‍್ಯಾಮಿನ ಜೊತೆ ಎಷ್ಟು ವೇಗದಲ್ಲಿ, ಯಾವ ಹೊಂದಾಣಿಕೆಯಲ್ಲಿ ಮಾತಾಡಬೇಕೆಂದು ಅದು ಪಾಠ ಕಲಿಯುತ್ತಿತ್ತು. ಇದನ್ನು ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ನನ್ನ ಬೋರ್ಡು ಪ್ರತಿ ಬೂಟಿನಲ್ಲೂ ಪಾಠ ಒಪ್ಪಿಸುತ್ತಿದ್ದರಿಂದ ಮೊದಲ ತುಂಡೇ 45 ಸೆಕೆಂಡು, ಉಳಿದೆಲ್ಲ ಸೇರಿ 12. ಬಯೋಸಿನಲ್ಲಿ 'ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್' ಚಾಲೂ ಮಾಡಿದೆ, ಹಿಂದಿನ ಸಲ ಕಲಿತದ್ದನ್ನೇ ನೆನಪಿಟ್ಟುಕೊಂಡಿತು, ಮೊದಲ ತುಂಡು 15ಕ್ಕೆ ಇಳಿಯಿತು. ಹೀಗೆ ಮಾಡಿದ ಮೇಲೆ ಯಂತ್ರ ಅಸ್ಥಿರವಾದರೆ ಮರಳಿ ಆಫ್ ಮಾಡಿಬಿಡಿ.

ಸಾಟಾ ಎಸ್‌ಎಸ್‌ಡಿಯಿಂದ ಅದಕ್ಕಿಂತ ವೇಗದ ಬಗೆಯಾದ ಎನ್‌ವಿಎಂಇ ಎಸ್‌ಎಸ್‌ಡಿಗೆ ಹೋದರೆ ಇನ್ನೂ ಆರು ಪಟ್ಟು ಬೇಗ ಬೂಟ್ ಆಗುತ್ತದೆಯೇ ಎಂದು ಕೇಳುವವರಿಗೆ: ನನಗೆ ಸಿಕ್ಕಿದ್ದು ಎರಡು ಸೆಕೆಂಡು. ಅಷ್ಟು ಹೊತ್ತಿಗೆ ಕಾಯಿಸುವುದು ಡಿಸ್ಕ್ ಆಗಿರುವುದಿಲ್ಲ.

ದಿನಾ ಶಟ್ ಡೌನ್ ಮಾಡದವರು

ನಾನು ಶಟ್ ಡೌನ್ ಮಾಡುವುದೇ ಅಪರೂಪ. ಮುಚ್ಚಳ ಮುಚ್ಚುತ್ತೇನೆ, ತೆರೆದರೆ ಎರಡು ಸೆಕೆಂಡು. ಬ್ಯಾಟರಿ ಪೂರ್ತಿ ಇಳಿದರೆ ಉಳಿಸದ ಕೆಲಸ ಹೋಗಬಹುದು, ಅಷ್ಟು ನೆನಪಿರಲಿ. ಇನ್ನೊಂದು ಮಾತು: ಈ ನಾಲ್ಕು ನಿಮಿಷ ಮೊದಲಿನಿಂದಲೂ ಇತ್ತೋ, ಈಚೆಗೆ ಹೆಚ್ಚಾಯಿತೋ? ಈಚೆಗಾದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿ ನೋಡಿ. 'ಪೆಂಡಿಂಗ್ ಸೆಕ್ಟರ್' (ಓದಲು ತೊಡಕಾದ ಜಾಗಗಳು) ಎದುರು ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ವೇಗದ ಮಾತು ಬಿಡಿ, ಮೊದಲು ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ.

ಕೇಳಿದವರು, ಎರಡು ವಾರದ ನಂತರ

ಸ್ಮಾರ್ಟ್ ವರದಿಯಲ್ಲಿ ಪೆಂಡಿಂಗ್ ಸೆಕ್ಟರ್ 8 ಇತ್ತು. ಹೇಳಿದ್ದಕ್ಕೆ ದೊಡ್ಡ ಉಪಕಾರವಾಯಿತು; ಫೋಟೋಗಳ ನಕಲು ಮೊದಲು ತೆಗೆದೆ. ಮೊದಲ ಅಳತೆ 16, 61, 44, 118. ಬೇಡದ ಸ್ಟಾರ್ಟಪ್ ಪ್ರೋಗ್ರಾಮುಗಳನ್ನು ಒಂದೊಂದಾಗಿ ತೆಗೆದ ಮೇಲೆ 16, 60, 37, 74. ಎಸ್‌ಎಸ್‌ಡಿ ಹಾಕಿದ ಮೇಲೆ 16, 12, 7, 11. ಡಿಸ್ಕ್ ಕೆಡತೊಡಗಿದ್ದರಿಂದ ಕ್ಲೋನ್ ನಡುವೆ ಎರಡು ಸಲ ನಿಂತಿತು, ಕೊನೆಗೆ ಹೊಸದಾಗಿಯೇ ಇನ್‌ಸ್ಟಾಲ್ ಮಾಡಿದೆ.

ಆ 16 ಕೆಣಕುತ್ತಲೇ ಇತ್ತು. ಬಯೋಸ್ ತೆರೆದು ನೋಡಿದರೆ ಬೂಟ್ ಸರದಿಯಲ್ಲಿ ನೆಟ್‌ವರ್ಕ್ ಮೊದಲನೆಯದು, ಡಿಸ್ಕ್ ಎರಡನೆಯದು. ಅದಲು ಬದಲು ಮಾಡಿದೆ, 9ಕ್ಕೆ ಬಂತು. ಗೆಳೆಯನ ಯಂತ್ರವನ್ನೂ ಇದೇ ನಾಲ್ಕು ತುಂಡಿನಲ್ಲಿ ಅಳೆದೆವು. ಅವನ ಹನ್ನೆರಡು ಪಾಸ್‌ವರ್ಡ್ ಕೇಳುವವರೆಗಿನದು. ಬ್ರೌಸರ್ ತೆರೆಯುವ ಹೊತ್ತಿಗೆ 34. ನನ್ನದು 39.